ಚಕ್ಕುಬಂದಿಯಿಂದ ಜಾರಿದ ಕೆರೆ

2017ರ ಅಕ್ಟೋಬರ್ 13, ಶುಕ್ರವಾರ. ಬೆಂಗಳೂರಿನ ಪಶ್ಚಿಮ ಭಾಗದ ಕುರುಬರಹಳ್ಳಿಯಲ್ಲಿ ಆ ರಾತ್ರಿ ರಾಜಕಾಲುವೆ ಉಕ್ಕಿ ಅಕ್ಕಪಕ್ಕದ ಮನೆಗಳಿಗೆ ನೀರು ನುಗ್ಗಿತು. ದೇವಸ್ಥಾನದ ಅರ್ಚಕರೊಬ್ಬರು ಕೊಚ್ಚಿಹೋದರು. ತಾಯಿ ಮತ್ತು ಮಗಳು ನೀರುಪಾಲಾದರು. ಅದಕ್ಕೆ ಐದು ತಿಂಗಳ ಮೊದಲು, ಮೇ 20ರಂದು, ಅದೇ ಕುರುಬರಹಳ್ಳಿಯ ರಾಜಕಾಲುವೆಯಲ್ಲಿ ಕೆಲಸ ಮಾಡುತ್ತಿದ್ದ ಗುತ್ತಿಗೆ ಕಾರ್ಮಿಕನೊಬ್ಬ ದಿಢೀರನೆ ಬಂದ ಮಳೆನೀರಿಗೆ ಬಲಿಯಾಗಿದ್ದ. ಒಂದೇ ಊರು, ಒಂದೇ ಕಾಲುವೆ, ಒಂದೇ ವರ್ಷದಲ್ಲಿ ಎರಡು ದುರಂತ.

ಅದು ಅತಿವೃಷ್ಟಿಯ ವರ್ಷ, ನಿಜ. ಬೆಂಗಳೂರಿನ ವಾಡಿಕೆ ಮಳೆ ವರ್ಷಕ್ಕೆ 970 ಮಿ.ಮೀ. ಆಸುಪಾಸು; ಆ ವರ್ಷ ಬಿದ್ದದ್ದು ಸುಮಾರು 1,700 ಮಿ.ಮೀ. ತಪ್ಪನ್ನೆಲ್ಲ ಮೋಡದ ತಲೆಗೆ ಕಟ್ಟಿಬಿಡುವುದು ಸುಲಭ. ಆದರೆ ಮಳೆ ಊರಿಗೆಲ್ಲ ಸುರಿದರೂ ನೀರು ನುಗ್ಗುವ ಬೀದಿಗಳು ಹೆಚ್ಚುಕಡಿಮೆ ಪ್ರತಿ ಸಲವೂ ಅವೇ ಆಗಿರುತ್ತವೆ. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಕುರುಬರಹಳ್ಳಿಗೆ ಹಿಂದೆ ಒಂದು ಕೆರೆಯಿತ್ತು. ಬಸವೇಶ್ವರನಗರ ಬೆಳೆದ ಭರಾಟೆಯಲ್ಲಿ ಆ ಕೆರೆ ಇಲ್ಲವಾಯಿತು. ಕೆರೆ ಹೋದರೂ ಕೆರೆಗೆ ಬರುತ್ತಿದ್ದ ನೀರು ಬರುವುದನ್ನು ನಿಲ್ಲಿಸಲಿಲ್ಲ.

ಕೆರೆ ಒತ್ತುವರಿಯ ಕಥೆಯನ್ನು ನಾವು ಸಾಮಾನ್ಯವಾಗಿ ಕಳ್ಳತನದ ಕಥೆಯಾಗಿ ಹೇಳುತ್ತೇವೆ. ಯಾರೋ ಭೂಗಳ್ಳರು ರಾತ್ರೋರಾತ್ರಿ ಮಣ್ಣು ಸುರಿದರು, ಅಧಿಕಾರಿಗಳು ಕಣ್ಣುಮುಚ್ಚಿಕೊಂಡರು ಎಂದು. ಅದೂ ನಡೆದಿದೆ. ಆದರೆ ಪಶ್ಚಿಮ ಬೆಂಗಳೂರಿನ ಎಷ್ಟೋ ತಗ್ಗು ಪ್ರದೇಶಗಳಲ್ಲಿ ಮನೆಗಳು ಎದ್ದಿರುವುದು ಮೊಹರು, ಸಹಿ, ರಸೀದಿ ಎಲ್ಲವೂ ಇರುವ ಅನುಮೋದನೆಯ ಮೇಲೆ. ಹಾಗಾದರೆ ಪ್ರಶ್ನೆ ಬೇರೆಯೇ ಆಗುತ್ತದೆ. ಇಲ್ಲಿ ನೀರು ಹರಿಯುತ್ತದೆ ಎಂಬ ಸಂಗತಿ ಹಿಂದೆ ಸರ್ಕಾರದ ಕಾಗದದಲ್ಲೇ ಇತ್ತು. ಅದು ಯಾವ ಹಂತದಲ್ಲಿ, ಹೇಗೆ ಅಳಿಸಿಹೋಯಿತು?

ಇಳಿಜಾರಿನ ಊರು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತ ಊರು. ದೊಡ್ಡ ನದಿಯಿಲ್ಲ. ದಿಣ್ಣೆಯ ನೆತ್ತಿಯ ಮೇಲೆ ಬಿದ್ದ ಮಳೆ ಮೂರು ಕಣಿವೆಗಳ ಪಾಲಾಗುತ್ತದೆ. ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ನೀರು ಪೂರ್ವಕ್ಕೆ, ದಕ್ಷಿಣ ಪಿನಾಕಿನಿಯ ಕಡೆಗೆ. ಮೂರನೆಯದು ವೃಷಭಾವತಿ ಕಣಿವೆ. ಇದರ ನೀರು ನೈಋತ್ಯಕ್ಕೆ ಇಳಿದು ಅರ್ಕಾವತಿಯನ್ನು, ಅಲ್ಲಿಂದ ಕಾವೇರಿಯನ್ನು ಸೇರುತ್ತದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳ ಬಹುಪಾಲು ನೀರಿಗೆ ಇದೇ ದಾರಿ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ವೃಷಭಾವತಿ ಹುಟ್ಟುತ್ತಾಳೆಂಬುದು ಐತಿಹ್ಯ. ಮಲ್ಲೇಶ್ವರದ ಕಡೆಯಿಂದ ಬರುವ ತೊರೆಯೂ ಅವಳನ್ನು ಕೂಡುತ್ತದೆ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಸ್ಥಳಪುರಾಣವು ಅದನ್ನು ನದೀ ಸಂಗಮದ ಕ್ಷೇತ್ರವೆಂದೇ ಕರೆಯುತ್ತದೆ. ಇಂದು ನಾಯಂಡಹಳ್ಳಿಯ ಸೇತುವೆ ದಾಟುವವರು ಮೂಗು ಮುಚ್ಚಿಕೊಳ್ಳುತ್ತಾರೆ. ನದಿ ಎಂಬ ಮಾತನ್ನು ನಂಬುವುದೇ ಕಷ್ಟ.

ನದಿಯಿಲ್ಲದ ಊರಿನ ಹಿರಿಯರು ಕಂಡುಕೊಂಡ ಉಪಾಯ ಕೆರೆ. ಒಂದು ಕೆರೆಯಲ್ಲ, ಕೆರೆಗಳ ಸರಪಣಿ. ಇಳಿಜಾರಿಗೆ ಅಡ್ಡಲಾಗಿ ಏರಿ ಹಾಕಿ ನೀರು ನಿಲ್ಲಿಸುವುದು, ತೂಬಿನಿಂದ ಕೆಳಗಿನ ಗದ್ದೆಗೆ ಬಿಡುವುದು, ತುಂಬಿ ಹೆಚ್ಚಾದದ್ದು ಕೋಡಿಯಲ್ಲಿ ಹರಿದು ಕಾಲುವೆ ಹಿಡಿದು ಮುಂದಿನ ಊರಿನ ಕೆರೆಗೆ ಸೇರುವುದು. ಈ ಜೋಡಣೆಯ ಕಾಲುವೆಯೇ ರಾಜಕಾಲುವೆ. ಬೇಸಗೆಯಲ್ಲಿ ಅದು ಒಣಗಿ, ದನ ಮೇಯುವ ಹಳ್ಳದಂತೆ ಕಾಣುತ್ತದೆ. ಮಳೆಗಾಲದ ನಾಲ್ಕಾರು ದಿನ ಮಾತ್ರ ಅದರ ನಿಜವಾದ ಅಗಲ ಗೊತ್ತಾಗುವುದು. ಮುಂದಿನ ಅನಾಹುತಕ್ಕೆಲ್ಲ ಮೂಲ ಈ ಗುಣವೇ. ನೋಡಲು ಹೋದ ದಿನ ಅಲ್ಲಿ ನೀರಿರುವುದಿಲ್ಲ.

ಬೆಂಗಳೂರಿನ ಮಳೆನೀರು ನಿರ್ವಹಣೆ ಕುರಿತ ಮಹಾಲೇಖಪಾಲರ 2021ರ ವರದಿಯಲ್ಲಿರುವ ಲೆಕ್ಕದಂತೆ, 1800ರ ದಶಕದ ಆರಂಭದಲ್ಲಿ ಈಗಿನ ನಗರದ 740 ಚದರ ಕಿ.ಮೀ. ವ್ಯಾಪ್ತಿಯಲ್ಲಿ 1,452 ಜಲಮೂಲಗಳಿದ್ದವು. 2016ರ ಹೊತ್ತಿಗೆ ಉಳಿದದ್ದು 194.

ಶಾನುಭೋಗರ ನಕಾಶೆ

ಈ ನೀರಿನ ವ್ಯವಸ್ಥೆಗೆ ಕಾಗದದ ರೂಪವೂ ಇತ್ತು. ಮೈಸೂರು ಸೀಮೆಯಲ್ಲಿ ಕಂದಾಯದ ಮೋಜಣಿ ಆರಂಭವಾದದ್ದು 1860ರ ದಶಕದಲ್ಲಿ. ಹಳ್ಳಿ ಹಳ್ಳಿಯ ಜಮೀನನ್ನು ಅಳೆದು, ಸರ್ವೆ ನಂಬರು ಕೊಟ್ಟು, ಗ್ರಾಮ ನಕಾಶೆ ಬರೆಯಲಾಯಿತು. ಮೋಜಣಿಯ ಉದ್ದೇಶ ಕಂದಾಯ ವಸೂಲಿಯೇ ಹೊರತು ನೀರಿನ ರಕ್ಷಣೆಯಲ್ಲ. ಆದರೂ ಯಾವ ಹೊಲಕ್ಕೆ ಎಷ್ಟು ಕಂದಾಯವೆಂದು ಗೊತ್ತುಮಾಡಲು ಎಲ್ಲಿ ಕೆರೆ, ಎಲ್ಲಿ ಹಳ್ಳ, ಎಲ್ಲಿ ಬಂಡಿದಾರಿ ಎಂಬುದನ್ನೂ ಗುರುತಿಸಲೇಬೇಕಾಯಿತು. ಹೀಗೆ ನೀರಿನ ದಾರಿಯೆಲ್ಲ ನಕಾಶೆಗೆ ಇಳಿಯಿತು.

ಸಾಗುವಳಿಗೆ ಬಾರದ ಇಂಥ ಜಾಗಕ್ಕೆ ಇಟ್ಟ ಹೆಸರು ಖರಾಬು. ಕಂದಾಯ ನಿಯಮಗಳು ಅದನ್ನು ಎರಡಾಗಿ ವಿಂಗಡಿಸುತ್ತವೆ. ಬಂಡೆ, ಕಲ್ಲುಗುಡ್ಡದಂಥ ಉಳುಮೆಗೆ ಆಗದ ಭೂಮಿ ‘ಎ’ ಖರಾಬು. ಕೆರೆ, ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ಭೂಮಿ ‘ಬಿ’ ಖರಾಬು. ಖರಾಬು ಎಂದರೆ ಕೆಟ್ಟದ್ದು ಎಂದರ್ಥ. ಕಂದಾಯದ ದೃಷ್ಟಿಯಿಂದ ಮಾತ್ರ ಅದು ಕೆಟ್ಟದ್ದು. ಊರಿನ ದೃಷ್ಟಿಯಿಂದ ಬಹುಶಃ ಅದಕ್ಕಿಂತ ಬೆಲೆಬಾಳುವ ಜಾಗವಿರಲಿಲ್ಲ. ಆದರೆ ಹೆಸರು ತನ್ನ ಕೆಲಸ ಮಾಡಿತು. ನೂರು ವರ್ಷಗಳ ನಂತರ ಬಡಾವಣೆ ಮಾಡಲು ಬಂದವರ ಕಣ್ಣಿಗೆ ಅದು ಯಾರಿಗೂ ಬೇಡದ ಜಾಗವಾಗಿ ಕಂಡಿತು.

ನಕಾಶೆಯನ್ನು ಓದಿ ಹೇಳುವವರೂ ಅಂದು ಊರಲ್ಲೇ ಇದ್ದರು. ಲೆಕ್ಕಕ್ಕೆ ಶಾನುಭೋಗ, ಅಧಿಕಾರಕ್ಕೆ ಪಟೇಲ, ತೂಬು ಎತ್ತಿ ಇಳಿಸಲು ನೀರಗಂಟಿ. ಕ್ರಯಪತ್ರ ಬರೆಯುವಾಗ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಯನ್ನು ಹೇಳುವ ಚಕ್ಕುಬಂದಿ ಕಡ್ಡಾಯ. ಪೂರ್ವಕ್ಕೆ ಕೆರೆ ಏರಿ, ಪಶ್ಚಿಮಕ್ಕೆ ಇಂಥವರ ಹೊಲ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಬಂಡಿದಾರಿ ಎಂಬಂಥ ಮಾತುಗಳು ಹಳೆಯ ಪತ್ರಗಳಲ್ಲಿ ಸಾಮಾನ್ಯ. ಕೊಳ್ಳುವವನಿಗೆ ತನ್ನ ಹೊಲದ ಯಾವ ಮಗ್ಗುಲಲ್ಲಿ ನೀರಿದೆ ಎಂಬುದನ್ನು ಪತ್ರವೇ ಹೇಳುತ್ತಿತ್ತು.

1961ರಲ್ಲಿ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ಬಂದು, 1963ರಿಂದ ವಂಶಪಾರಂಪರ್ಯದ ಶಾನುಭೋಗ, ಪಟೇಲ ಹುದ್ದೆಗಳು ರದ್ದಾದವು. ಹುಟ್ಟಿನಿಂದ ಬರುವ ಅಧಿಕಾರ ಹೋದದ್ದು ಪ್ರಜಾಪ್ರಭುತ್ವಕ್ಕೆ ಒಳ್ಳೆಯದೇ. ಆದರೆ ಅವರ ಜಾಗಕ್ಕೆ ವರ್ಗಾವಣೆಯಾಗಿ ಬಂದುಹೋಗುವ ಗ್ರಾಮಲೆಕ್ಕಿಗರಿಗೆ, ಯಾವ ಹಳ್ಳ ಯಾವ ಮಳೆಗೆ ಎಷ್ಟು ಉಕ್ಕುತ್ತದೆ ಎಂಬ ತಿಳಿವಳಿಕೆ ದಫ್ತರದ ಜತೆಗೆ ಹಸ್ತಾಂತರವಾಗಲಿಲ್ಲ. ನೀರಗಂಟಿಗಂತೂ, ಗದ್ದೆಯೇ ಸೈಟಾದ ಮೇಲೆ, ಎತ್ತಲು ತೂಬೇ ಉಳಿಯಲಿಲ್ಲ.

ಬಡಾವಣೆಗಳ ಕಾಲ

ಕೆರೆಯ ಕಡೆಗೆ ಊರು ಬೆನ್ನು ತಿರುಗಿಸಿದ್ದಕ್ಕೆ ಇನ್ನೊಂದು ಕಾರಣ ನಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಕೊಳವೆಯಲ್ಲಿ ನೀರು ಬಂತು. ಕುಡಿಯುವ ನೀರು ದೂರದಿಂದ ಬಂದ ಮೇಲೆ ಹತ್ತಿರದ ಕೆರೆ ಬರೀ ಸೊಳ್ಳೆಯ ತಾಣವಾಗಿ ಕಂಡಿತು. ಧರ್ಮಾಂಬುಧಿ ಕೆರೆಯ ಅಂಗಳವೇ ಮುಂದೆ ಕೆಂಪೇಗೌಡ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಈ ಎರಡು ಉದಾಹರಣೆಗಳು ಎಲ್ಲರಿಗೂ ಗೊತ್ತು. ಪಶ್ಚಿಮದ ಕಥೆ ಅಷ್ಟು ಪ್ರಸಿದ್ಧವಲ್ಲ.

1945ರ ಕಾಯಿದೆಯಂತೆ ಬೆಂಗಳೂರು ನಗರಾಭಿವೃದ್ಧಿಗೆ ಟ್ರಸ್ಟ್ ಬೋರ್ಡು ಸ್ಥಾಪನೆಯಾಯಿತು. ಹಳಬರ ಬಾಯಲ್ಲಿ ಅದು ಇಂದಿಗೂ ಸಿಐಟಿಬಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಗರಕ್ಕೆ ಬೇಕಾಗಿದ್ದದ್ದು ಕಾರ್ಖಾನೆ ಮತ್ತು ಕಾರ್ಮಿಕರಿಗೆ ಮನೆ. 1949ರಲ್ಲಿ ಪಶ್ಚಿಮದ ಹೊಲಗದ್ದೆಗಳ ಮೇಲೆ ಕೈಗಾರಿಕಾ ಉಪನಗರವೊಂದಕ್ಕೆ ನಾಂದಿ ಹಾಡಲಾಯಿತು. ಆಗಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿ ಅವರ ಹೆಸರಿನಲ್ಲಿ ಅದು ರಾಜಾಜಿನಗರವಾಯಿತು. ಮುಂದೆ ಕಾರ್ಡ್ ರಸ್ತೆಯ ಪಶ್ಚಿಮಕ್ಕೆ ಬಡಾವಣೆಯ ಮೇಲೆ ಬಡಾವಣೆ. ವಿಜಯನಗರ, ಬಸವೇಶ್ವರನಗರ, ನಾಗರಭಾವಿ. 1976ರಲ್ಲಿ ಸಿಐಟಿಬಿಯ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ ಬಂತು.

ಈ ವಿಸ್ತರಣೆಯಲ್ಲಿ ಹಳ್ಳಿಗಳು ಹೆಸರಾಗಿ ಉಳಿದವು, ಅವುಗಳ ಕೆರೆಗಳು ಉಳಿಯಲಿಲ್ಲ. ಕೇತಮಾರನಹಳ್ಳಿ ಕೆರೆಯ ಜಾಗ ರಾಜಾಜಿನಗರ, ಮಹಾಲಕ್ಷ್ಮಿಪುರದ ಬಡಾವಣೆಗಳಲ್ಲಿ ಸೇರಿತು. ಅಗಸನ ಕೆರೆ ಗಾಯತ್ರಿದೇವಿ ಉದ್ಯಾನವಾಯಿತು. ಶಿವನಹಳ್ಳಿ ಕೆರೆ ಆಟದ ಮೈದಾನಕ್ಕೂ ಬಸ್ ನಿಲ್ದಾಣಕ್ಕೂ ಒದಗಿತು. ಕಾಮಾಕ್ಷಿಪಾಳ್ಯದ ಕೆರೆಯೂ ಮೈದಾನವಾಯಿತು. ಸಾಣೆಗುರುವನಹಳ್ಳಿ ಕೆರೆಯಿದ್ದ ಕಡೆ ಆಟದ ಮೈದಾನದ ಜತೆಗೆ ಎದ್ದು ನಿಂತವು ಯಾರ ಕಟ್ಟಡಗಳು ಎನ್ನುತ್ತೀರಿ? ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು! ಇದಕ್ಕೆ ವ್ಯಾಖ್ಯಾನ ಬೇಡ.

ಅಂದಿನವರನ್ನು ಇಂದಿನ ತಿಳಿವಳಿಕೆಯಿಂದ ಅಳೆಯುವುದು ಪೂರ್ತಿ ನ್ಯಾಯವಲ್ಲ. ಗಿರಣಿ ಕಾರ್ಮಿಕನಿಗೂ ಗುಮಾಸ್ತನಿಗೂ ಕೈಗೆಟುಕುವ ಬೆಲೆಗೆ ನಿವೇಶನ ಕೊಟ್ಟದ್ದು ಸಣ್ಣ ಸಾಧನೆಯಲ್ಲ. ಪಶ್ಚಿಮ ಬೆಂಗಳೂರಿನ ಕನ್ನಡ ಮಧ್ಯಮವರ್ಗ ರೂಪುಗೊಂಡದ್ದೇ ಈ ಮೂವತ್ತು–ನಲವತ್ತು ಅಡಿಯ ಸೈಟುಗಳ ಮೇಲೆ. ಕೆರೆಯನ್ನು ಮೈದಾನ ಮಾಡಿದಲ್ಲಿ ಕನಿಷ್ಠ ತೆರೆದ ಜಾಗವಾದರೂ ಉಳಿಯಿತು. ತೊಂದರೆ ಆದದ್ದು ಕೆರೆ ತುಂಬಿಸಿದ್ದರಿಂದ ಮಾತ್ರವಲ್ಲ. ಅದಕ್ಕೆ ಬರುವ, ಅದರಿಂದ ಹೊರಡುವ ದಾರಿಗಳನ್ನು ಬರೀ ಚರಂಡಿಗಳೆಂದು ಎಣಿಸಿದ್ದರಿಂದ. ಹಳ್ಳ ನೆಟ್ಟಗಾಯಿತು, ಕಿರಿದಾಯಿತು, ಕಲ್ಲುಗೋಡೆಯ ನಡುವೆ ಸಿಕ್ಕಿಕೊಂಡಿತು. ಮೇಲುಗಡೆ ಮಣ್ಣಿದ್ದಲ್ಲೆಲ್ಲ ಡಾಂಬರು, ತಾರಸಿ ಬಂದು ಇಂಗುತ್ತಿದ್ದ ನೀರೂ ಓಡತೊಡಗಿತು. ಬರುವ ನೀರು ಹೆಚ್ಚಾಯಿತು, ಹೋಗುವ ದಾರಿ ಕಡಿಮೆಯಾಯಿತು. ಮಹಾಲೇಖಪಾಲರ ಅದೇ ವರದಿಯ ಪ್ರಕಾರ 1900ರ ದಶಕದ ಆರಂಭದಲ್ಲಿ ವೃಷಭಾವತಿ ಕಣಿವೆಯಲ್ಲಿದ್ದ ಕಾಲುವೆಗಳ ಉದ್ದ ಸುಮಾರು 226 ಕಿ.ಮೀ.; 2016–17ರಲ್ಲಿ ಅದು ಸುಮಾರು 112 ಕಿ.ಮೀ. ಹೆಚ್ಚುಕಡಿಮೆ ಅರ್ಧ ದಾರಿಯೇ ಮಾಯ.

ಮೂರು ಮೇಜು, ಮೂರು ಪ್ರಶ್ನೆ

ಒಂದು ಹೊಲ ಮನೆಯಾಗುವುದು ಹೇಗೆಂದು ನೋಡಿದರೆ ಈ ಮಾಯದ ಗುಟ್ಟು ತಿಳಿಯುತ್ತದೆ. ಬಿಡಿಎ ತಾನೇ ಜಮೀನು ವಶಪಡಿಸಿಕೊಂಡು ಮಾಡುವ ಬಡಾವಣೆ ಒಂದು ಬಗೆ. ಖಾಸಗಿಯವರು ಅಥವಾ ಗೃಹ ನಿರ್ಮಾಣ ಸಹಕಾರ ಸಂಘಗಳು ಮಾಡುವುದು ಇನ್ನೊಂದು ಬಗೆ. ಈ ಎರಡನೆಯದರಲ್ಲಿ ಕಡತ ಮೂರು ಮೇಜು ದಾಟಬೇಕು.

ಮೊದಲನೆಯದು ಜಿಲ್ಲಾಧಿಕಾರಿಯ ಮೇಜು. 1964ರ ಭೂಕಂದಾಯ ಕಾಯಿದೆಯ 95ನೇ ಸೆಕ್ಷನ್ನಿನಂತೆ ಕೃಷಿಭೂಮಿಯನ್ನು ಬೇರೆ ಉಪಯೋಗಕ್ಕೆ ಪರಿವರ್ತಿಸುವ ಆದೇಶ. ಇಲ್ಲಿಯ ಪ್ರಶ್ನೆ, ಭೂಮಿ ಯಾರದು, ಯಾವ ವಲಯದ್ದು? ಎರಡನೆಯದು ಯೋಜನಾ ಪ್ರಾಧಿಕಾರದ ಮೇಜು. ಬಡಾವಣೆ ನಕ್ಷೆಗೆ ಒಪ್ಪಿಗೆ. ಇಲ್ಲಿಯ ಪ್ರಶ್ನೆ, ರಸ್ತೆ ಎಷ್ಟು ಅಗಲ, ಉದ್ಯಾನಕ್ಕೆ, ನಾಗರಿಕ ಸೌಲಭ್ಯಕ್ಕೆ ಎಷ್ಟು ಜಾಗ? ಮೂರನೆಯದು ನಗರಪಾಲಿಕೆಯ ಅಥವಾ ಪುರಸಭೆಯ ಮೇಜು. ಕಟ್ಟಡದ ನಕ್ಷೆಗೆ ಮಂಜೂರಾತಿ. ಇಲ್ಲಿಯ ಪ್ರಶ್ನೆ, ಸುತ್ತ ಎಷ್ಟು ಜಾಗ ಬಿಟ್ಟಿದ್ದೀರಿ, ಎಷ್ಟು ಅಂತಸ್ತು?

ಮೂರೂ ಒಳ್ಳೆಯ ಪ್ರಶ್ನೆಗಳೇ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗುತ್ತದೆ ಎಂಬ ನಾಲ್ಕನೆಯ ಪ್ರಶ್ನೆ ಬಹುಕಾಲ ಯಾವ ಮೇಜಿನ ಕೆಲಸವೂ ಆಗಿರಲಿಲ್ಲ. ಪ್ರತಿಯೊಬ್ಬ ಅಧಿಕಾರಿಯೂ ಹಿಂದಿನ ಮೇಜಿನವರು ಅದನ್ನು ನೋಡಿರಬೇಕೆಂದು ನಂಬಿ ಸಹಿ ಹಾಕಬಹುದಿತ್ತು. ನಂಬದೆಯೂ ಹಾಕಬಹುದಿತ್ತು, ಆ ಮಾತು ಬೇರೆ.

ಈ ಪಯಣದಲ್ಲಿ ಆಗುವ ಇನ್ನೊಂದು ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ. ಸರ್ವೆ ನಂಬರು ಹೋಗಿ ನಿವೇಶನ ಸಂಖ್ಯೆ ಬರುತ್ತದೆ. ಗ್ರಾಮ ನಕಾಶೆಯಲ್ಲಿ ಹಳ್ಳದ ಗೆರೆಯ ಪಕ್ಕದಲ್ಲಿದ್ದ ಸರ್ವೆ ನಂಬರು, ಬಡಾವಣೆ ನಕ್ಷೆಯಲ್ಲಿ ಒಂದೇ ಅಳತೆಯ ಚೌಕಗಳಾಗುತ್ತದೆ. ಕ್ರಯಪತ್ರದ ಚಕ್ಕುಬಂದಿಯೂ ಬದಲಾಗುತ್ತದೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೈಟ್ ನಂಬರು ಇಂಥದ್ದು, ಉತ್ತರಕ್ಕೆ ಇಂಥದ್ದು, ದಕ್ಷಿಣಕ್ಕೆ ಇಂಥದ್ದು. ಕೆರೆ ಏರಿಯೂ ಇಲ್ಲ, ಹಳ್ಳವೂ ಇಲ್ಲ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೂ ಕೊಳ್ಳುವವನಿಗೆ ತಿಳಿಯಲೇಬೇಕಾದ ಸಂಗತಿ ಅದರಿಂದ ಜಾರಿಹೋಗಿದೆ.

ಅನುಮೋದನೆಯೇ ಇಲ್ಲದ ಕಂದಾಯ ಬಡಾವಣೆಗಳದ್ದು ಮತ್ತೊಂದು ಅಧ್ಯಾಯ. ಕೆಂಗೇರಿ, ರಾಜರಾಜೇಶ್ವರಿನಗರದ ಆಸುಪಾಸಿನಲ್ಲಿ ರೈತರಿಂದ ಕೊಂಡ ಹೊಲಗಳನ್ನು ಬಿಳಿ ಕಲ್ಲು ನೆಟ್ಟು ಹಂಚಿ ಮಾರಲಾಯಿತು. ಬಿಡಿಎ ಸೈಟಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರಿಗೆ, ಕಾಯುವ ಶಕ್ತಿಯೂ ಇಲ್ಲದವರಿಗೆ ಇದೇ ಗತಿಯಾಯಿತು. ತಗ್ಗಿನ ಸೈಟಿಗೆ ಬೆಲೆ ಕಡಿಮೆ. ಆದ್ದರಿಂದ ಕಾಲುವೆಯ ಮಗ್ಗುಲು ಬಡವರ ಪಾಲಿಗೆ ಬಂತು. 2007ರಲ್ಲಿ ಕೆಂಗೇರಿ ಪುರಸಭೆ, ರಾಜರಾಜೇಶ್ವರಿನಗರವೂ ಸೇರಿ ಏಳು ನಗರಸಭೆಗಳು ಮತ್ತು 110 ಹಳ್ಳಿಗಳನ್ನು ಕೂಡಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಈ ಬಡಾವಣೆಗಳೂ ಅದರ ಮಡಿಲಿಗೆ ಬಿದ್ದವು. ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಸರ್ಕಾರದ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ದಂಡ ಕಟ್ಟಿದರೆ ಕಾಗದ ಸಕ್ರಮವಾದೀತು. ನೀರಿಗೆ ದಂಡದ ರಸೀದಿ ತೋರಿಸಲು ಬರುವುದಿಲ್ಲ.

ಮೀಟರುಗಳ ಜಗಳ

ಎಚ್ಚರಿಕೆ ಯಾರೂ ಕೊಡಲಿಲ್ಲ ಎನ್ನುವಂತಿಲ್ಲ. ಕೆರೆಗಳ ಸ್ಥಿತಿ ಅಧ್ಯಯನಕ್ಕೆ ಸರ್ಕಾರವೇ 1985ರಲ್ಲಿ ಎನ್. ಲಕ್ಷ್ಮಣ ರಾವ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಇರುವ ಕೆರೆಗಳನ್ನು ಒಡೆಯಬಾರದು, ಅಂಗಳವನ್ನು ಬೇರೆ ಉಪಯೋಗಕ್ಕೆ ಕೊಡಬಾರದು ಎಂಬುದು ಅದರ ಶಿಫಾರಸುಗಳ ತಿರುಳು. 1988ರಲ್ಲಿ ಸರ್ಕಾರ ಅದನ್ನು ಒಪ್ಪಿತು. 2007ರಲ್ಲಿ ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಸದನ ಸಮಿತಿ, 2011ರಲ್ಲಿ ಹೈಕೋರ್ಟಿನಲ್ಲಿದ್ದ ಸಾರ್ವಜನಿಕ ಹಿತಾಸಕ್ತಿ ಪ್ರಕರಣದ ನಿಮಿತ್ತ ನ್ಯಾಯಮೂರ್ತಿ ಎನ್.ಕೆ. ಪಾಟೀಲ ಸಮಿತಿ, ಮುಂದೆ ಕೆ.ಬಿ. ಕೋಳಿವಾಡ ಸದನ ಸಮಿತಿ. ಒತ್ತುವರಿದಾರರ ಪಟ್ಟಿಯಲ್ಲಿ ಖಾಸಗಿಯವರ ಜತೆಗೆ ಬಿಡಿಎ ಸೇರಿದಂತೆ ಸರ್ಕಾರಿ ಸಂಸ್ಥೆಗಳ ಹೆಸರೂ ಇದ್ದುದು ಇವುಗಳಲ್ಲಿ ಕೋಳಿವಾಡ ಸಮಿತಿ ಎತ್ತಿ ತೋರಿಸಿದ ಸಂಗತಿ.

ಅಂತೂ ನಾಲ್ಕನೆಯ ಪ್ರಶ್ನೆಗೆ ಯೋಜನಾ ಪತ್ರದಲ್ಲಿ ಜಾಗ ಸಿಕ್ಕಿತು. 2007ರಲ್ಲಿ ಅನುಮೋದನೆಯಾದ ‘ಪರಿಷ್ಕೃತ ಮಹಾಯೋಜನೆ 2015’ ಕೆರೆಯ ಸುತ್ತ 30 ಮೀಟರ್ ಮೀಸಲು ಪ್ರದೇಶ ಗೊತ್ತುಮಾಡಿತು. ರಾಜಕಾಲುವೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ ನಡುಗೆರೆಯಿಂದ 50, 25 ಮತ್ತು 15 ಮೀಟರ್. ಇದು ಸಾಲದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ 4ರಂದು ಕೆರೆಗೆ 75 ಮೀಟರ್, ಕಾಲುವೆಗಳಿಗೆ ಅಂಚಿನಿಂದ 50, 35, 25 ಮೀಟರ್ ಎಂದು ಆದೇಶಿಸಿತು.

ಅದೇ ವರ್ಷದ ಜುಲೈ ಕೊನೆಯಲ್ಲಿ ಮಳೆ ಸುರಿದು ದಕ್ಷಿಣದ ಕೋಡಿಚಿಕ್ಕನಹಳ್ಳಿಯ ಬೀದಿಗಳಲ್ಲಿ ದೋಣಿ ಓಡಿಸಬೇಕಾಯಿತು. ಊರಿನ ಹೆಸರಿನಲ್ಲೇ ಕೋಡಿಯಿದೆ ಎಂಬುದನ್ನು ಗಮನಿಸಿ. ಆಗಸ್ಟ್‌ನಲ್ಲಿ ಪಾಲಿಕೆಯ ಜೆಸಿಬಿಗಳು ರಾಜಕಾಲುವೆಯ ಮೇಲಿನ ಮನೆಗಳನ್ನು ಕೆಡವಲು ಹೊರಟವು. ಮನೆಯವರು ಕೈಯಲ್ಲಿ ಮಂಜೂರಾದ ನಕ್ಷೆ, ಖಾತೆ, ತೆರಿಗೆ ರಸೀದಿ, ಬ್ಯಾಂಕ್ ಸಾಲದ ಪತ್ರ ಹಿಡಿದು ಬಾಗಿಲಲ್ಲಿ ನಿಂತರು. ಅಳತೆಯವರು ಕೈಯಲ್ಲಿ ಹಿಡಿದು ಬಂದದ್ದು ಹಳೆಯ ಗ್ರಾಮ ನಕಾಶೆ. ಶತಮಾನ ದಾಟಿದ ಕಾಗದವೂ ಮೊನ್ನೆಮೊನ್ನೆಯ ಕಾಗದವೂ ಎದುರುಬದುರಾದವು. ಎರಡರ ಮೇಲೂ ಸರ್ಕಾರದ್ದೇ ಮೊಹರು. ಮನೆ ಬಿದ್ದದ್ದು ಕಾಗದವನ್ನು ನಂಬಿದವರದ್ದು, ಕಾಗದ ಕೊಟ್ಟವರದ್ದಲ್ಲ. ಕಾರ್ಯಾಚರಣೆಗೆ ಚಪ್ಪಾಳೆ ಹೊಡೆದ ನಗರ ಈ ಅಸಮತೋಲನವನ್ನು ಬೇಗ ಮರೆಯಿತು.

2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ನ್ಯಾಯಮಂಡಳಿಯ ಮೀಸಲು ಪ್ರದೇಶದ ಆದೇಶವನ್ನು ರದ್ದುಪಡಿಸಿತು. ಶಾಸನಬದ್ಧವಾದ ಮಹಾಯೋಜನೆಯನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂಬುದು ಕಾರಣ. ಹೀಗೆ ಅಳತೆ 30ರಿಂದ 75ಕ್ಕೆ ಏರಿ ಮತ್ತೆ 30ಕ್ಕೆ ಇಳಿಯಿತು. 2031ರವರೆಗಿನ ಮಹಾಯೋಜನೆಯ ಕರಡು 2017ರಲ್ಲಿ ಹೊರಬಂದರೂ ಜಾರಿಗೆ ಬರಲಿಲ್ಲ, ಅದನ್ನು ಹಿಂತೆಗೆದುಕೊಳ್ಳಲಾಯಿತು. ಮೀಟರುಗಳ ಈ ಜಗಳ ಕೇಳಿದವರಿಗೆ ಅಪಾಯವೆಂಬುದು ಚೌಕಾಶಿಯ ಸರಕೇನೋ ಎನಿಸಿದರೆ ಆಶ್ಚರ್ಯವಿಲ್ಲ.

ಕಾಡ್ಗಿಚ್ಚಿನ ನಾಡಿನ ಪಾಠ

ಅಪಾಯವಿರುವ ಜಾಗದಲ್ಲಿ ಮನೆಗೆ ಅನುಮತಿ ಕೊಡಬೇಕೇ ಬೇಡವೇ ಎಂಬ ಪ್ರಶ್ನೆ ನಮ್ಮದೊಂದೇ ಅಲ್ಲ. ಆಸ್ಟ್ರೇಲಿಯದಲ್ಲಿ ಇದೇ ಪ್ರಶ್ನೆ ಬೆಂಕಿಯ ರೂಪದಲ್ಲಿ ಎದ್ದಿದೆ. ಅಲ್ಲಿಯ ವಿಕ್ಟೋರಿಯ ರಾಜ್ಯದಲ್ಲಿ 2009ರ ಫೆಬ್ರುವರಿ 7ರಂದು ಹಬ್ಬಿದ ಕಾಡ್ಗಿಚ್ಚಿಗೆ 173 ಜನ ಬಲಿಯಾದರು. 2,000ಕ್ಕೂ ಹೆಚ್ಚು ಮನೆ ಸುಟ್ಟವು. ಆ ದಿನವನ್ನು ಅಲ್ಲಿಯವರು ‘ಕಪ್ಪು ಶನಿವಾರ’ ಎಂದು ಕರೆಯುತ್ತಾರೆ. ತನಿಖೆಗೆ ನೇಮಕವಾದ ರಾಯಲ್ ಆಯೋಗ 2010ರಲ್ಲಿ 67 ಶಿಫಾರಸುಗಳನ್ನು ಕೊಟ್ಟಿತು.

ಅಲ್ಲಿ ಕಾಡಂಚಿನ ಮನೆಗಳನ್ನೆಲ್ಲ ನಿಷೇಧಿಸಲಿಲ್ಲ. ಬದಲಿಗೆ, ಕಿಚ್ಚಿನ ಅಪಾಯವಿರುವ ಭೂಮಿಯಲ್ಲಿ ಕಟ್ಟುವ ಮನೆ ಎಷ್ಟು ಉರಿಗೆ ಒಡ್ಡಿಕೊಳ್ಳಬಹುದು ಎಂಬುದನ್ನು ಗಿಡಮರಗಳ ಬಗೆ, ದೂರ, ಇಳಿಜಾರು ನೋಡಿ ಆರು ದರ್ಜೆಗಳಲ್ಲಿ ಗೊತ್ತುಮಾಡುತ್ತಾರೆ. ದರ್ಜೆ ಏರಿದಂತೆ ಗೋಡೆ, ಕಿಟಕಿ, ಸೂರುಗಳ ನಿಯಮ ಬಿಗಿಯಾಗುತ್ತದೆ. ಸುಟ್ಟುಹೋದ ಕೆಲವು ಮನೆಗಳ ಜಾಗವನ್ನು, ಒಪ್ಪಿದವರಿಂದ ಮಾತ್ರ, ಸರ್ಕಾರವೇ ಕೊಂಡುಕೊಳ್ಳುವ ಯೋಜನೆಯನ್ನೂ ಮಾಡಿದರು. ನಮಗೆ ಮುಖ್ಯವೆನಿಸಬೇಕಾದ ಸಂಗತಿ ಇನ್ನೊಂದಿದೆ. ವಿಕ್ಟೋರಿಯದಲ್ಲಿ ಜಾಗ ಮಾರುವವನು, ಅದು ಕಾಡ್ಗಿಚ್ಚಿನ ಅಪಾಯದ ಪ್ರದೇಶದಲ್ಲಿದ್ದರೆ, ಕೊಳ್ಳುವವನಿಗೆ ಲಿಖಿತವಾಗಿ ತಿಳಿಸಲೇಬೇಕು. ನಮ್ಮ ಚಕ್ಕುಬಂದಿಯಿಂದ ಜಾರಿಹೋದದ್ದನ್ನು ಅಲ್ಲಿ ಕಾಯಿದೆಯ ಮೂಲಕ ಮಾರಾಟದ ಕಾಗದಕ್ಕೆ ಸೇರಿಸಿದ್ದಾರೆ.

ಬೆಂಕಿಯ ಮಾತು ನಮಗೆ ತೀರಾ ದೂರದ್ದೂ ಅಲ್ಲ. ಕೆಂಗೇರಿಗೆ ಸಮೀಪದ ತುರಹಳ್ಳಿ ಕಾಡಿನಲ್ಲಿ ಬೇಸಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವುದುಂಟು. ಕಾಡಿನ ಅಂಚಿಗೆ ಮನೆಗಳು ಬಂದು ನಿಂತಿವೆ. ಆದರೆ ಪಶ್ಚಿಮ ಬೆಂಗಳೂರಿಗೆ ನೀರೇ ದೊಡ್ಡ ಕಿಚ್ಚು.

ಕೆಂಗೇರಿಯಾಚೆ

ಇದೆಲ್ಲ ಮುಗಿದ ಕಥೆಯಾಗಿದ್ದರೆ ಇಷ್ಟು ಹೇಳುವ ಅಗತ್ಯವಿರಲಿಲ್ಲ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ, ಕೆಂಗೇರಿಯ ಆಚೆಗೆ, ಬಿಡಿಎ ನಾಡಪ್ರಭು ಕೆಂಪೇಗೌಡ ಬಡಾವಣೆ ನಿರ್ಮಿಸುತ್ತಿದೆ. 2010ರ ಅಂತಿಮ ಅಧಿಸೂಚನೆಯಲ್ಲಿದ್ದದ್ದು 4,043 ಎಕರೆ. ಕೊಮ್ಮಘಟ್ಟ, ರಾಮಸಂದ್ರ, ಭೀಮನಕುಪ್ಪೆ, ಸೂಲಿಕೆರೆ ಮುಂತಾದ ಹಳ್ಳಿಗಳ ಸೀಮೆಯಿದು. ಹೆಸರು ಕೇಳಿದರೇ ತಿಳಿಯುತ್ತದೆ, ಇದು ಕೆರೆಗಳ ಸೀಮೆ. ನಮ್ಮ ಮೆಟ್ರೊದ ನೇರಳೆ ಮಾರ್ಗ 2021ರಲ್ಲಿ ಕೆಂಗೇರಿಗೆ, 2023ರಲ್ಲಿ ಚಲ್ಲಘಟ್ಟಕ್ಕೆ ಬಂದ ಮೇಲೆ ಬಡಾವಣೆಯ ಸುತ್ತಮುತ್ತಲಿನ ಖಾಸಗಿ ಜಮೀನಿಗೂ ಬೆಲೆ ಬಂದಿದೆ. ರಾಜಾಜಿನಗರದ ಕಾಲದಲ್ಲಿ ತಿಳಿವಳಿಕೆ ಇರಲಿಲ್ಲ ಎಂಬ ಸಮಾಧಾನ ಹೇಳಬಹುದಿತ್ತು. ಇಲ್ಲಿ ಆ ನೆಪವಿಲ್ಲ. ಇಲ್ಲಿಯ ಕೆರೆಗಳು ಇನ್ನೂ ಕಣ್ಣೆದುರಿಗಿವೆ. ಕಾಲುವೆಗಳನ್ನು ಉಳಿಸಿಕೊಂಡು ಅವುಗಳ ಸುತ್ತ ರಸ್ತೆ, ಉದ್ಯಾನ ಹೊಂದಿಸಬಹುದು, ಅಥವಾ ಮೊದಲು ಚೌಕ ಗೆರೆ ಎಳೆದು ಆಮೇಲೆ ನೀರಿಗೆ ದಾರಿ ಹುಡುಕಬಹುದು. ಎರಡನೆಯದರ ಬೆಲೆ ಎಷ್ಟೆಂದು ಕುರುಬರಹಳ್ಳಿ ತೋರಿಸಿಕೊಟ್ಟಿದೆ.

ಆಡಳಿತದ ಫಲಕಗಳೂ ಬದಲಾಗಿವೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2025ರಲ್ಲಿ ಇತಿಹಾಸಕ್ಕೆ ಸೇರಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಬಂದಿವೆ. ಪಶ್ಚಿಮಕ್ಕೆ ತನ್ನದೇ ಪಾಲಿಕೆಯಿದೆ. ಹೊಸ ಮೇಜುಗಳು ಬಂದಿರುವ ಈ ಹೊತ್ತು, ನಾಲ್ಕನೆಯ ಪ್ರಶ್ನೆಗೆ ಹೊಣೆಗಾರ ಯಾರೆಂದು ಗೊತ್ತುಮಾಡಲು ಸರಿಯಾದ ಹೊತ್ತು. ಕಾಲುವೆಯ ಅಂಚಿನ ನಿವೇಶನಕ್ಕೆ ಒಪ್ಪಿಗೆ ಕೊಟ್ಟ ಸಹಿಯ ಕೆಳಗೆ, ನೀರಿನ ದಾರಿ ಪರಿಶೀಲಿಸಿದೆ ಎಂಬ ಒಂದು ಸಾಲು ಕಡ್ಡಾಯವಾದರೆ, ಸಹಿ ಹಾಕುವ ಕೈ ಒಂದು ಕ್ಷಣವಾದರೂ ತಡೆಯುತ್ತದೆ.

ಸೈಟು ಕೊಳ್ಳುವವರಿಗೂ ಒಂದು ಅನುಕೂಲ ಒದಗಿದೆ. ಭೂಮಾಪನ ಇಲಾಖೆಯ ‘ದಿಶಾಂಕ್’ ಎಂಬ ಆ್ಯಪ್ ನಿಂತ ಜಾಗದ ಹಳೆಯ ಸರ್ವೆ ನಂಬರನ್ನು ಗ್ರಾಮ ನಕಾಶೆಯ ಮೇಲೆ ತೋರಿಸುತ್ತದೆ. ಶಾನುಭೋಗರ ದಫ್ತರ ಈಗ ಅಂಗೈಯಲ್ಲಿದೆ. ಮಾರುವವರು ತೋರಿಸುವ ಬಣ್ಣದ ನಕ್ಷೆಯ ಜತೆಗೆ ಅದನ್ನೂ ಇಟ್ಟು ನೋಡಬೇಕು. ಪಕ್ಕದಲ್ಲಿ ಕೆರೆ, ಕಾಲುವೆಯ ಗುರುತಿದೆಯೇ, ‘ಬಿ’ ಖರಾಬು ಎಷ್ಟು ಗುಂಟೆ ಎಂದು ಕೇಳಬೇಕು. ಸಾಧ್ಯವಾದರೆ ಜಾಗ ನೋಡಲು ಬೇಸಗೆಯ ಭಾನುವಾರದ ಬದಲು ಸೆಪ್ಟೆಂಬರಿನ ಜಡಿಮಳೆಯ ಮರುದಿನ ಹೋಗಬೇಕು.

ಆದರೆ ಜೀವಮಾನದ ಉಳಿತಾಯ ಹಾಕುವ ಗುಮಾಸ್ತನೋ ಆಟೊ ಚಾಲಕನೋ ಮೋಜಣಿದಾರನಾಗಬೇಕೆಂದು ಬಯಸುವುದು ನ್ಯಾಯವಲ್ಲ. ಅವರ ಪರವಾಗಿ ನೋಡಲೆಂದೇ ಅನುಮೋದನೆ ಎಂಬ ಪದ್ಧತಿ ಇರುವುದು. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣಗಳ ಜತೆಗೆ ನೀರು ಎತ್ತಣಿಂದ ಬಂದು ಎತ್ತ ಹೋಗುತ್ತದೆ ಎಂಬ ಒಂದು ಮಾತನ್ನು ಕ್ರಯಪತ್ರಕ್ಕೆ ಮರಳಿ ಸೇರಿಸಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ಕೆಂಗೇರಿಯಾಚೆಯ ಹೊಸ ಪತ್ರಗಳು ಇನ್ನೂ ನೋಂದಣಿಯಾಗುತ್ತಿವೆ, ಬರೆಯಲು ಜಾಗವಿದೆ.